ನಕ್ಷೆ ಸಾಫ್ಟ್‌ವೇರ್‌ನ ಸೈನ್ ಇನ್ ವಿಂಡೋ ಬರೀ ಬಿಳಿ ಬರ್ತಿದೆಯಾ? ಓಎಸ್ ಹಾಕಿಸೋಕೆ ಮುಂಚೆ ಇದನ್ನ ಓದಿ

ಕೂಡ್ಲಿಗಿ: ಆರ್ಕ್‌ಜಿಐಎಸ್ ಪ್ರೊ ತೆರೆದು ಸೈನ್ ಇನ್ ಒತ್ತಿದ್ರೆ ಒಂದು ಸಣ್ಣ ಕಿಟಕಿ ಬರಬೇಕು, ಅದರಲ್ಲಿ ಯೂಸರ್ ನೇಮ್, ಪಾಸ್‌ವರ್ಡ್ ಕೇಳಬೇಕು. ಕಿಟಕಿ ಬರುತ್ತೆ, ಒಳಗೆ ಏನೂ ಇರಲ್ಲ. ಬರೀ ಬಿಳಿ. ಮುಚ್ಚಿ ತೆರೆದ್ರೂ ಅದೇ, ಸಿಸ್ಟಂ ರೀಸ್ಟಾರ್ಟ್ ಮಾಡಿದ್ರೂ ಅದೇ. ನಾಳೆ ಬೆಳಿಗ್ಗೆ ನಕ್ಷೆ ಕೊಡ್ತೀನಿ ಅಂತ ಮಾತು ಕೊಟ್ಟವರಿಗೆ ಇವತ್ತು ರಾತ್ರಿ ಇದು ಬಂದ್ರೆ ತಲೆ ಕೆಡೋದು ಸಹಜ.

ಸರ್ವೆ ಕೆಲಸ ಮಾಡೋರು, ಸೋಲಾರ್ ಮತ್ತು ಗಾಳಿ ವಿದ್ಯುತ್ ಕೆಲಸಕ್ಕೆ ಸೈಟ್ ಮ್ಯಾಪ್ ಮಾಡಿಕೊಡೋರು, ಪ್ರಾಜೆಕ್ಟ್ ವರ್ಕ್ ಇರೋ ವಿದ್ಯಾರ್ಥಿಗಳು, ಯಾರಿಗಾದರೂ ಇದು ಬರಬಹುದು. ರಿಪೇರಿಗೆ ಕೊಂಡೊಯ್ದರೆ ಬಹಳ ಕಡೆ ಸಿಗೋ ಉತ್ತರ ಒಂದೇ: "ಓಎಸ್ ಹೋಗೈತಿ, ಹೊಸದಾಗಿ ಹಾಕಬೇಕು." ಓಎಸ್ ಹೋಗಿರಲ್ಲ. ಸಾಫ್ಟ್‌ವೇರೂ ಕೆಟ್ಟಿರಲ್ಲ. ಸಾಮಾನ್ಯವಾಗಿ ಕೆಟ್ಟಿರೋದು ಅದರೊಳಗಿನ ಒಂದು ಸಣ್ಣ ಭಾಗ, ಇಲ್ಲಾ ಅದಕ್ಕೆ ಇಂಟರ್ನೆಟ್ ತಲುಪುವ ದಾರಿ.

ಆ ಸೈನ್ ಇನ್ ಕಿಟಕಿ ನಿಜವಾಗಿ ಒಂದು ವೆಬ್ ಪೇಜು. ಅದನ್ನ ತೋರಿಸೋಕೆ ಸಾಫ್ಟ್‌ವೇರ್ ಒಳಗೇ ಒಂದು ಪುಟ್ಟ ಬ್ರೌಸರ್ ಓಡ್ತಾ ಇರುತ್ತೆ. ಹಳೇ ಆರ್ಕ್‌ಮ್ಯಾಪ್ ಇದಕ್ಕೆ ಇಂಟರ್ನೆಟ್ ಎಕ್ಸ್‌ಪ್ಲೋರರ್‌ನ ಎಂಜಿನ್ ಬಳಸುತ್ತಿತ್ತು. ಈಗಿನ ಆರ್ಕ್‌ಜಿಐಎಸ್ ಪ್ರೊ 3ಕ್ಕೆ ಮೈಕ್ರೋಸಾಫ್ಟ್‌ನ ಎಡ್ಜ್ ವೆಬ್‌ವ್ಯೂ2 ರನ್‌ಟೈಮ್ ಬೇಕು. ಅದು ಇಲ್ಲದಿದ್ರೆ, ಅರ್ಧ ಕೆಟ್ಟಿದ್ರೆ, ಇಲ್ಲಾ ಆಂಟಿವೈರಸ್ ಅದನ್ನ ತಡೆದಿದ್ರೆ ಕಿಟಕಿ ಬರುತ್ತೆ, ಪೇಜು ಬರಲ್ಲ. ವಿಂಡೋಸ್ 11ರಲ್ಲಿ ಇದು ಮೊದಲೇ ಇರುತ್ತೆ. ವಿಂಡೋಸ್ 10ರಲ್ಲಿ, ಅದರಲ್ಲೂ ಅಪ್‌ಡೇಟ್ ಆಫ್ ಮಾಡಿಟ್ಟ ಸಿಸ್ಟಂಗಳಲ್ಲಿ, ಇಲ್ಲದೇ ಇರಬಹುದು.

ಮೊದಲು ನೋಡಬೇಕಾದ್ದು ಮಾತ್ರ ಇದ್ಯಾವುದೂ ಅಲ್ಲ. ಪರದೆಯ ಬಲಗಡೆ ಕೆಳಗೆ ಇರೋ ತಾರೀಕು.

ನಗಬೇಡಿ. ನಮ್ಮ ಕಡೆ ಕರೆಂಟ್ ಹೋಗಿ ಬಂದು ಮಾಡೋದು ಹೊಸದಲ್ಲ. ಹಳೇ ಡೆಸ್ಕ್‌ಟಾಪ್‌ನ ಮದರ್‌ಬೋರ್ಡ್ ಮೇಲೆ ನಾಣ್ಯದಂಥ ಒಂದು ಸೆಲ್ ಇರುತ್ತೆ, ಸಿಆರ್2032 ಅಂತ. ಕರೆಂಟ್ ಇಲ್ಲದಾಗ ಗಡಿಯಾರ ನಡೆಸೋದು ಅದೇ. ಆ ಸೆಲ್ ಸತ್ತಿದ್ರೆ ಪ್ರತಿ ಸಲ ಆನ್ ಮಾಡಿದಾಗ ತಾರೀಕು ಎಷ್ಟೋ ವರ್ಷ ಹಿಂದಕ್ಕೆ ಹೋಗುತ್ತೆ. ವೆಬ್‌ಸೈಟ್‌ಗಳ ಸುರಕ್ಷತಾ ಸರ್ಟಿಫಿಕೇಟ್‌ಗೆ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಅವಧಿ ಇರುತ್ತೆ. ನಿಮ್ಮ ಸಿಸ್ಟಂ 2015 ಅಂದ್ಕೊಂಡಿದ್ರೆ ಇವತ್ತಿನ ಸರ್ಟಿಫಿಕೇಟ್ ಅದಕ್ಕೆ ಸುಳ್ಳು ಅನ್ನಿಸುತ್ತೆ, ಬಾಗಿಲು ತೆಗೆಯಲ್ಲ. ಕ್ರೋಮ್‌ನಲ್ಲಾದರೆ ಎಚ್ಚರಿಕೆ ಕಾಣುತ್ತೆ, ಸಣ್ಣ ಕಿಟಕಿಯಲ್ಲಿ ಒಮ್ಮೊಮ್ಮೆ ಏನೂ ಕಾಣಲ್ಲ. ತಾರೀಕು, ಟೈಮು ಸರಿ ಮಾಡಿ ನೋಡಿ. ದಿನಾ ಕೆಡ್ತಿದ್ರೆ ಸೆಲ್ ಬದಲಿಸಿ. ಓಎಸ್ ಹಾಕಿಸೋ ಖರ್ಚಿನ ಮುಂದೆ ಅದು ಏನೂ ಅಲ್ಲ.

ತಾರೀಕು ಸರಿ ಇದ್ದರೆ, ಅದೇ ಸಿಸ್ಟಂನ ಕ್ರೋಮ್ ಅಥವಾ ಎಡ್ಜ್‌ನಲ್ಲಿ ಆರ್ಕ್‌ಜಿಐಎಸ್ ಡಾಟ್ ಕಾಂ ತೆರೆದು ಅಲ್ಲೇ ಸೈನ್ ಇನ್ ಮಾಡಿ. ಅಲ್ಲೂ ಪೇಜು ಬರದಿದ್ರೆ ತಪ್ಪು ನೆಟ್‌ನದ್ದು. ಮೊಬೈಲ್ ಹಾಟ್‌ಸ್ಪಾಟ್ ಕೊಟ್ಟು ನೋಡಿ. ಹಾಟ್‌ಸ್ಪಾಟ್‌ನಲ್ಲಿ ಬಂದು ಆಫೀಸಿನ ನೆಟ್‌ನಲ್ಲಿ ಬರದಿದ್ರೆ ಫೈರ್‌ವಾಲ್ ಇಲ್ಲಾ ಪ್ರಾಕ್ಸಿ ತಡೀತಿದೆ ಅಂತ ಅರ್ಥ, ನೆಟ್ ನೋಡ್ಕೊಳ್ಳೋರಿಗೆ ಹೇಳಬೇಕು.

ಬ್ರೌಸರ್‌ನಲ್ಲಿ ಚೆನ್ನಾಗಿ ಬಂದು ಸಾಫ್ಟ್‌ವೇರ್‌ನಲ್ಲಿ ಮಾತ್ರ ಬಿಳಿ ಇದ್ದರೆ ಅನುಮಾನ ವೆಬ್‌ವ್ಯೂ2 ಮೇಲೆ. ಸೆಟ್ಟಿಂಗ್ಸ್‌ನಲ್ಲಿ ಆ್ಯಪ್ಸ್ ಪಟ್ಟಿಗೆ ಹೋಗಿ ಮೈಕ್ರೋಸಾಫ್ಟ್ ಎಡ್ಜ್ ವೆಬ್‌ವ್ಯೂ2 ರನ್‌ಟೈಮ್ ಹುಡುಕಿ, ಮಾಡಿಫೈ ಒತ್ತಿ, ರಿಪೇರ್ ಕೊಡಿ. ಹೆಸರೇ ಇಲ್ಲದಿದ್ರೆ ಮೈಕ್ರೋಸಾಫ್ಟ್‌ನ ಸ್ವಂತ ಸೈಟಿನಿಂದ ಉಚಿತವಾಗಿ ಇಳಿಸಿಕೊಳ್ಳಿ. ಬೇರೆ ಎಲ್ಲಿಂದಲೂ ಬೇಡ. ಡಿಸ್‌ಪ್ಲೇ ಡ್ರೈವರ್ ಹಳೇದಿದ್ರೂ ಇಂಥ ಬಿಳಿ ಕಿಟಕಿ ಬರೋದುಂಟು, ಅದನ್ನೂ ಅಪ್‌ಡೇಟ್ ಮಾಡಿ.

ಆರ್ಕ್‌ಮ್ಯಾಪ್ ಬಳಸೋರಿಗೆ ದಾರಿ ಬೇರೆ. ಇಂಟರ್ನೆಟ್ ಎಕ್ಸ್‌ಪ್ಲೋರರ್ 11 ಅನ್ನು ಮೈಕ್ರೋಸಾಫ್ಟ್ 2022ರ ಜೂನ್ 15ಕ್ಕೆ ನಿಲ್ಲಿಸಿತು, ಆದ್ರೆ ಅದರ ಎಂಜಿನ್ ವಿಂಡೋಸ್ ಒಳಗೆ ಇನ್ನೂ ಇದೆ. ಕಂಟ್ರೋಲ್ ಪ್ಯಾನೆಲ್‌ನ ಇಂಟರ್ನೆಟ್ ಆಪ್ಷನ್ಸ್‌ನಲ್ಲಿ ಟ್ರಸ್ಟೆಡ್ ಸೈಟ್ಸ್‌ಗೆ ಆರ್ಕ್‌ಜಿಐಎಸ್ ವಿಳಾಸ ಸೇರಿಸಿ, ಆ್ಯಕ್ಟಿವ್ ಸ್ಕ್ರಿಪ್ಟಿಂಗ್ ಆನ್ ಇದೆಯಾ, ಟಿಎಲ್‌ಎಸ್ 1.2ಕ್ಕೆ ಟಿಕ್ ಇದೆಯಾ ನೋಡಿ. ಆದ್ರೆ ಆರ್ಕ್‌ಮ್ಯಾಪ್‌ಗೆ ಕಂಪನಿಯ ಬೆಂಬಲ 2026ರ ಮಾರ್ಚ್ 1ರವರೆಗೆ ಮಾತ್ರ ಅಂತ ಮೊದಲೇ ಹೇಳಿದ್ರು. ಅದನ್ನ ನಂಬಿ ಹೊಸ ಕೆಲಸ ಹಿಡಿಯೋದು ಜಾಣತನ ಅಲ್ಲ.

ಇನ್ನೂ ವಿಂಡೋಸ್ 7 ಇಟ್ಟುಕೊಂಡವರಿಗೆ ನೇರವಾಗಿ ಹೇಳ್ತೀನಿ. ಅದರಲ್ಲಿ ಪ್ರೊ 3 ಓಡಲ್ಲ. ಎಡ್ಜ್, ವೆಬ್‌ವ್ಯೂ2 ಎರಡೂ ಅದಕ್ಕೆ 109ನೇ ಆವೃತ್ತಿಗೇ ನಿಂತಿವೆ. ಎಷ್ಟು ಗುದ್ದಾಡಿದ್ರೂ ಅಷ್ಟೇ.

ಈಗ ಓಎಸ್ ಹಾಕಿಸೋದು ಯಾಕೆ ಅಪಾಯ ಅನ್ನೋದು. "ಸಿ ಡ್ರೈವ್ ಮಾತ್ರ ಅಳಿಸ್ತೀವಿ, ನಿಮ್ಮ ಫೈಲು ಡಿ ಡ್ರೈವ್‌ನಲ್ಲಿ ಸೇಫ್" ಅಂತಾರಲ್ಲ, ಅಲ್ಲೇ ಮೋಸ ಹೋಗೋದು. ನೀವು ಜಾಗ ಬದಲಿಸದಿದ್ರೆ ಆರ್ಕ್‌ಜಿಐಎಸ್ ಪ್ರೊ ಪ್ರಾಜೆಕ್ಟುಗಳನ್ನ ಡಾಕ್ಯುಮೆಂಟ್ಸ್ ಒಳಗಿನ ಆರ್ಕ್‌ಜಿಐಎಸ್ ಫೋಲ್ಡರ್‌ನಲ್ಲಿ ಇಡುತ್ತೆ. ಅದು ಇರೋದು ಸಿ ಡ್ರೈವ್‌ನಲ್ಲೇ. ಗೂಗಲ್ ಅರ್ಥ್ ಪ್ರೊದಲ್ಲಿ ಗುರುತು ಹಾಕಿದ ಬೋರ್‌ವೆಲ್, ಬದು, ಹಳ್ಳ, ಗಡಿ ಕಲ್ಲು ಎಲ್ಲಾ ಮೈ ಪ್ಲೇಸಸ್‌ನಲ್ಲಿರುತ್ತೆ, ಅದೂ ಸಿ ಡ್ರೈವೇ. ಮೈ ಪ್ಲೇಸಸ್ ಮೇಲೆ ರೈಟ್ ಕ್ಲಿಕ್ ಮಾಡಿ ಸೇವ್ ಪ್ಲೇಸ್ ಆ್ಯಸ್ ಕೊಟ್ಟು ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಹರಪನಹಳ್ಳಿಯವರ ಹಳೇ ಫೋಲ್ಡರ್‌ಗಳಂತೂ ಒಂದೇ ಹೆಸರಲ್ಲಿ ಇರಲಿಕ್ಕಿಲ್ಲ. 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ, ಮತ್ತೆ ಬಳ್ಳಾರಿಗೆ ಬಂದು, 2021ರಿಂದ ವಿಜಯನಗರದಲ್ಲಿದೆ ತಾಲೂಕು. ಮೂರೂ ಜಿಲ್ಲೆಯ ಹೆಸರಲ್ಲಿ ಹುಡುಕಿ ಕಾಪಿ ಮಾಡಿ.

ಇನ್ನೊಂದು ಲೈಸೆನ್ಸ್ ವಿಷಯ. ಹಳ್ಳಿಗೆ ಲ್ಯಾಪ್‌ಟಾಪ್ ಒಯ್ಯೋರು ಪ್ರೊದ ಲೈಸೆನ್ಸಿಂಗ್ ಪುಟದಲ್ಲಿ ಆಫ್‌ಲೈನ್ ಕೆಲಸಕ್ಕೆ ಅನುಮತಿ ಟಿಕ್ ಮಾಡಿಟ್ಟಿರ್ತಾರೆ. ಒಳ್ಳೇ ಅಭ್ಯಾಸ. ಸೈನ್ ಇನ್ ಇಲ್ಲದೇನೇ ಸಾಫ್ಟ್‌ವೇರ್ ತೆರೆಯುತ್ತೆ. ಆದ್ರೆ ಆಗ ಲೈಸೆನ್ಸ್ ಆ ಒಂದು ಮಷಿನ್‌ಗೇ ಕಟ್ಟಿಹಾಕಿದಂಗೆ. ಆ ಟಿಕ್ ತೆಗೆಯದೆ ಫಾರ್ಮ್ಯಾಟ್ ಹೊಡೆದ್ರೆ ಲೈಸೆನ್ಸ್ ಅಳಿಸಿದ ಮಷಿನ್ ಹೆಸರಲ್ಲೇ ಸಿಕ್ಕಿಬೀಳುತ್ತೆ. ಆಮೇಲೆ ನಿಮ್ಮ ಸಂಸ್ಥೆಯ ಅಡ್ಮಿನ್ ಹಿಡಿದು, ಕಂಪನಿವರೆಗೆ ಹೋಗಿ ಬಿಡಿಸಿಕೊಳ್ಳಬೇಕು.

ಅಷ್ಟರಲ್ಲಿ ನಾಳೆ ಬೆಳಗಿನ ಕೆಲಸ ನಿಲ್ಲಬಾರದು ಅಂದ್ರೆ ಕ್ಯೂಜಿಐಎಸ್ ಹಾಕಿಕೊಳ್ಳಿ. ಉಚಿತ, ಸೈನ್ ಇನ್ ಕೇಳೋದೇ ಇಲ್ಲ. ಶೇಪ್ ಫೈಲು, ಕೆಎಂಎಲ್ ಎರಡೂ ತೆರೆಯುತ್ತೆ, ಪ್ರಿಂಟ್ ತೆಗೆಯಬಹುದು. ಪ್ರೊದ ಪ್ರಾಜೆಕ್ಟ್ ಫೈಲು ಮಾತ್ರ ನೇರವಾಗಿ ತೆರೆಯಲ್ಲ, ಬಣ್ಣ, ಅಕ್ಷರ ಮತ್ತೆ ಜೋಡಿಸಬೇಕು. ಗೂಗಲ್ ಅರ್ಥ್ ಪ್ರೊ ಕೂಡ 2015ರಿಂದ ಉಚಿತ, ಸೈನ್ ಇನ್ ಮಾಡದೇನೇ ಅಳತೆ ತೆಗೆಯಬಹುದು.

ಎಲ್ಲಾ ಮಾಡಿಯೂ ಕಿಟಕಿ ಬಿಳಿಯೇ ಇದ್ರೆ ರಿಪೇರಿಯವರ ಹತ್ರ ಹೋಗೋಕೆ ಮುಂಚೆ ಒಂದು ಚೀಟಿಯಲ್ಲಿ ಬರೆದಿಟ್ಕೊಳ್ಳಿ: ವಿಂಡೋಸ್ ಯಾವುದು, ಪ್ರೊ ಆವೃತ್ತಿ ಎಷ್ಟು, ಬ್ರೌಸರ್‌ನಲ್ಲಿ ಪೇಜು ಬಂತಾ, ಹಾಟ್‌ಸ್ಪಾಟ್‌ನಲ್ಲಿ ಬಂತಾ, ವೆಬ್‌ವ್ಯೂ2 ಇದೆಯಾ. ಆ ಚೀಟಿ ಓದದೇನೇ "ಓಎಸ್ ಹಾಕೋಣ" ಅನ್ನೋರ ಕೈಗೆ ಸಿಸ್ಟಂ ಕೊಡಬೇಡಿ.