ಕ್ಯಾಮರಾ ಹಿಡಿಯುವ ಮುನ್ನ ರಾಶಿಗೆ ಕೈ ಹಾಕಿ

ಸಹೋದರಿಯರೇ, ನಿಮ್ಮ ಮನೆಯ ಹುಡುಗಿಯೊಬ್ಬಳು ಮೊಬೈಲ್ ಹಿಡಿದುಕೊಂಡು ಬಂದು, "ನನಗೊಂದು ವಿಡಿಯೋ ಮಾಡುವ ಕೆಲಸ ಸಿಕ್ಕಿದೆ" ಎಂದರೆ ನೀವು ಮೊದಲು ಕೇಳುವುದೇನು? ಎಷ್ಟು ಕೊಡುತ್ತಾರೆ ಎಂದು ತಾನೇ? ನಾನೂ ಅದನ್ನೇ ಕೇಳಿದೆ. ಬಣಕಲ್‌ನಲ್ಲಿ ನನ್ನ ಬಳಿ ಮದ್ರಸಾ ಕಲಿತ ಹುಡುಗಿ ಅವಳು. ಮಳೆಗಾಲದ ಒಂದು ಸಂಜೆ ಬಂದು ಕುಳಿತವಳು ದುಡ್ಡಿನ ಮಾತು ಬದಿಗಿಟ್ಟು ಬ್ಯಾಗಿನಿಂದ ಒಂದು ಕಾಫಿಪುಡಿ ಪ್ಯಾಕೆಟ್ ತೆಗೆದು ನನ್ನ ಮುಂದಿಟ್ಟಳು.

ಅದು ಅವಳ ಮೊದಲ ಗಿರಾಕಿಯ ಪ್ಯಾಕೆಟ್. ಗಂಡನನ್ನು ಕಳೆದುಕೊಂಡ ಒಬ್ಬ ತಾಯಿ ಮನೆಯಲ್ಲೇ ಬೀಜ ಹುರಿದು, ಪುಡಿ ಮಾಡಿಸಿ, ಕಾಲು ಕಿಲೋದ ಪೊಟ್ಟಣ ಕಟ್ಟಿ ಮಾರುತ್ತಾರೆ. ಘಟ್ಟದ ಕೆಳಗಿನ ಪೇಟೆಗೂ, ಗಲ್ಫಿನ ನೆಂಟರಿಗೂ ಕಳಿಸಬೇಕೆಂಬ ಆಸೆ. ಅದಕ್ಕಾಗಿ ಒಂದು ನಿಮಿಷದ ವಿಡಿಯೋ ಬೇಕು. ಪ್ಯಾಕೆಟ್ಟಿನ ಮೇಲೆ ಅಳಿಯ ಬರೆಸಿದ್ದು, 'ಶುದ್ಧ ಬಾಬಾಬುಡನ್‌ಗಿರಿ ಕಾಫಿ'. ಒಳಗಿರುವುದು ಬಣಕಲ್ ಸುತ್ತಲಿನ ಸಣ್ಣ ಬೆಳೆಗಾರರಿಂದ ಕೊಂಡ ರೊಬಸ್ಟಾ. ಜೊತೆಗೆ ನೂರಕ್ಕೆ ಮೂವತ್ತು ಪಾಲು ಚಿಕೋರಿ. "ಇದನ್ನು ನಾನು ಹೇಗೆ ತೋರಿಸಲಿ?" ಎಂದು ಅವಳು ಕೇಳಿದಳು.

ಚಿಕೋರಿ ಬೆರೆಸುವುದು ತಪ್ಪಲ್ಲ. ನೂರಕ್ಕೆ 49ರವರೆಗೆ ಬೆರೆಸಲು ಕಾನೂನೇ ಅನುಮತಿ ಕೊಟ್ಟಿದೆ. ಆದರೆ ಕಾಫಿ ಎಷ್ಟು, ಚಿಕೋರಿ ಎಷ್ಟು ಎಂದು ಪ್ಯಾಕೆಟ್ಟಿನ ಮೇಲೆ ಬರೆಯಲೇಬೇಕು. ನಮ್ಮಲ್ಲಿ ಗಟ್ಟಿ ಡಿಕಾಕ್ಷನ್ ಬೇಕೆನ್ನುವವರು ಚಿಕೋರಿ ಕೇಳಿಯೇ ಕೊಳ್ಳುತ್ತಾರೆ. ಸುಳ್ಳಿರುವುದು 'ಶುದ್ಧ' ಎಂಬ ಪದದಲ್ಲಿ. ಬಾಬಾಬುಡನ್‌ಗಿರಿ ಎಂಬ ಹೆಸರಿನದ್ದೂ ಅಷ್ಟೇ ಕಥೆ. ಹಝ್ರತ್ ಬಾಬಾ ಬುಡನ್ ಯಮನ್‌ನಿಂದ ಏಳು ಬೀಜ ತಂದರೆಂಬ ಪ್ರತೀತಿ ನಮಗೆಲ್ಲ ಹೆಮ್ಮೆಯದ್ದೇ. ಆದರೆ ಬಾಬಾಬುಡನ್‌ಗಿರಿ ಅರೇಬಿಕಾಕ್ಕೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಆ ಬೆಟ್ಟದ ಅರೇಬಿಕಾದ ಹೆಸರನ್ನು ಬಣಕಲ್‌ನ ರೊಬಸ್ಟಾಕ್ಕೆ ಅಂಟಿಸಲು ಬರುವುದಿಲ್ಲ.

ಪ್ರವಾದಿ(ಸ)ರವರು ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿದ ಘಟನೆ ನಿಮಗೆಲ್ಲ ಗೊತ್ತಿದೆ. ಮೇಲೆ ಒಣಗಿದ ಧಾನ್ಯ, ಬೆರಳಿಗೆ ತಾಗಿದ್ದು ಒದ್ದೆ. ಮಳೆಗೆ ನೆನೆಯಿತೆಂದು ವ್ಯಾಪಾರಿ ಹೇಳಿದಾಗ, ಹಾಗಾದರೆ ಅದನ್ನು ಜನರಿಗೆ ಕಾಣುವಂತೆ ಮೇಲೆಯೇ ಏಕೆ ಇಡಲಿಲ್ಲವೆಂದು ಅವರು ಕೇಳಿದರು. ಕ್ಯಾಮರಾ ಎಂಬುದು ರಾಶಿಯ ಮೇಲ್ಭಾಗವನ್ನಷ್ಟೇ ತೋರಿಸುವ ಯಂತ್ರ. ನೋಡುವವರಿಗೆ ಕೈ ಹಾಕಲು ಅವಕಾಶವೇ ಇಲ್ಲ. ಆದ್ದರಿಂದ ಅವರ ಪರವಾಗಿ ಕೈ ಹಾಕಿ ನೋಡಬೇಕಾದವರು ವಿಡಿಯೋ ಮಾಡುವವರು.

ಇದು ಬರೀ ಉಪದೇಶದ ಮಾತೆಂದು ಭಾವಿಸಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದಾರಿ ತಪ್ಪಿಸುವ ಜಾಹೀರಾತಿಗೆ ಹತ್ತು ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. 2022ರಲ್ಲಿ ಬಂದ ಮಾರ್ಗಸೂಚಿಗಳು ಮಾರುವವರ ಜೊತೆಗೆ ಜಾಹೀರಾತು ತಯಾರಿಸುವವರಿಗೂ ಅನ್ವಯಿಸುತ್ತವೆ.

ಹುಡುಗಿಗೆ ನಾನು ಹೇಳಿದ್ದಿಷ್ಟೇ: ಒಂದು ದಿನ ಮುಂಚಿತವಾಗಿ ಕ್ಯಾಮರಾ ಇಲ್ಲದೆ ಹೋಗು. ಹುರಿಯುವುದನ್ನು ನೋಡು, ಬೀಜದ ಚೀಲ ಬಿಚ್ಚಿಸು, ಆಹಾರ ಇಲಾಖೆಯ ಹದಿನಾಲ್ಕು ಅಂಕಿಯ ನೋಂದಣಿ ಸಂಖ್ಯೆ ಇದೆಯೇ ಕೇಳು. ಮಾತಾದದ್ದನ್ನು ಬರೆದುಕೋ. ಎಷ್ಟು ವಿಡಿಯೋ, ಎಷ್ಟು ಹಣ, ಮುಂಗಡವೆಷ್ಟು, ಎಷ್ಟು ಸಲ ತಿದ್ದಿ ಕೊಡಬೇಕು ಎಲ್ಲವನ್ನೂ. ಸೂರಃ ಅಲ್ ಬಕರದ ಅತಿ ದೀರ್ಘ ಸೂಕ್ತ ಸಾಲದ ವ್ಯವಹಾರವನ್ನು ಬರೆದಿಡುವ ಬಗ್ಗೆಯೇ ಇದೆಯಲ್ಲ. ನಾವಾದರೋ "ನಮ್ಮವರೇ ಅಲ್ಲವಾ, ಬರೆಯುವುದೇನು" ಎಂದು ಬಿಟ್ಟುಬಿಡುತ್ತೇವೆ. ಆಮೇಲೆ ಮದುವೆ ಮನೆಯಲ್ಲಿ ಎದುರಾದರೆ ಮುಖ ತಿರುಗಿಸುತ್ತೇವೆ.

ಅವಳು ಹೋಗಿ ಬಂದಳು. ಹೋದದ್ದರಿಂದಲೇ ತಿಳಿದ ಸಂಗತಿಗಳು ಹಲವು. ಆ ಅಡುಗೆ ಮನೆಗೆ ತಗಡಿನ ಮಾಡು. ನಮ್ಮ ಮಳೆ ತಗಡಿನ ಮೇಲೆ ಬಿದ್ದರೆ ಪಕ್ಕದಲ್ಲಿ ಕೂತವರ ಮಾತೇ ಕೇಳಿಸುವುದಿಲ್ಲ, ಇನ್ನು ಮೊಬೈಲಿಗೆ ಹೇಗೆ ಕೇಳಿಸೀತು? ಆದ್ದರಿಂದ ಧ್ವನಿಯನ್ನು ಬೇರೆಯಾಗಿ, ಒಳಕೋಣೆಯಲ್ಲಿ ಬಟ್ಟೆಯ ಕಪಾಟು ತೆರೆದಿಟ್ಟು ಅದರ ಮುಂದೆ ಕುಳಿತು ಮುದ್ರಿಸುವುದೆಂದಾಯಿತು. ಬಟ್ಟೆ ಪ್ರತಿಧ್ವನಿಯನ್ನು ನುಂಗುತ್ತದೆ. ಕಿಟಕಿಯ ಬೆಳಕು ಒಲೆಯ ಎಡಕ್ಕೆ ಬೀಳುತ್ತದೆ, ಟ್ಯೂಬ್‌ಲೈಟ್ ಆರಿಸಿದರೆ ಬೀಜದ ಬಣ್ಣ ಇದ್ದ ಹಾಗೆಯೇ ಕಾಣುತ್ತದೆ. ಹೊರಗಿನ ಚಳಿಯಿಂದ ನೇರವಾಗಿ ಹಬೆಯ ಬಳಿ ಹೋದರೆ ಲೆನ್ಸಿನ ಮೇಲೆ ಮಂಜು ಕಟ್ಟುತ್ತದೆ, ಹಾಗಾಗಿ ಸ್ವಲ್ಪ ಹೊತ್ತು ಮೊದಲೇ ಒಳಗಿಡಬೇಕು. ಕರೆಂಟನ್ನು ಮಳೆಗಾಲದಲ್ಲಿ ನಂಬುವಂತಿಲ್ಲ, ಚಾರ್ಜ್ ಹಿಂದಿನ ರಾತ್ರಿಯೇ ತುಂಬಿರಬೇಕು.

ಅಳಿಯನಿಗೆ ಕಾಫಿ ಹೂವು ಬೇಕಿತ್ತು. ಹೂವು ಬಿಡುವುದು ಮಾರ್ಚ್, ಏಪ್ರಿಲ್‌ನ ಹೂಮಳೆಯ ನಂತರ, ಅದೂ ಕೆಲವೇ ದಿನ. ಜುಲೈಯಲ್ಲಿ ಎಲ್ಲಿಂದ ತರುವುದು? ಯಾರದ್ದೋ ವಿಡಿಯೋದಿಂದ ಕತ್ತರಿಸಿ ಹಾಕು ಎಂದರಂತೆ. ಹಾಕುವುದಿಲ್ಲ ಎಂದು ಇವಳು ಹೇಳಿದಳು. ತೋಟದ ಕೆಲಸದ ಹೆಂಗಸರನ್ನು ತೋರಿಸಬೇಕೆಂಬ ಮಾತೂ ಬಂತು. ಕೇಳಿದಾಗ ಇಬ್ಬರು ಬೇಡವೆಂದರು, ಅಲ್ಲಿಗೆ ಅದು ಮುಗಿಯಿತು. ಕೂಲಿ ಕೊಟ್ಟ ಮಾತ್ರಕ್ಕೆ ಅವರ ಮುಖ ನಮ್ಮದಾಗುವುದಿಲ್ಲವಷ್ಟೆ.

ಆ ತಾಯಿಗೂ ತನ್ನ ಮುಖ ಕಾಣಿಸುವುದು ಇಷ್ಟವಿರಲಿಲ್ಲ. ಮುಖವಿಲ್ಲದೆ ವ್ಯಾಪಾರ ನಡೆಯುವುದಿಲ್ಲ ಎಂದು ಯಾರೋ ಹೆದರಿಸಿದ್ದರು. ಹಝ್ರತ್ ಖದೀಜಾ(ರ)ರವರು ತಮ್ಮ ಸರಕಿನೊಂದಿಗೆ ಸಿರಿಯಾಕ್ಕೆ ತಾವೇ ಹೋಗಲಿಲ್ಲ. ಪ್ರಾಮಾಣಿಕರೆಂದು ಹೆಸರಾದವರ ಕೈಗೆ ಒಪ್ಪಿಸಿದರು ಎಂದು ನಾನು ನೆನಪಿಸಿದೆ. ಬೀಜ ಆರಿಸುವ ಕೈ, ಬಾಣಲೆ ಆಡಿಸುವ ಕೈ, ತಕ್ಕಡಿ ಹಿಡಿದ ಕೈ. ನೋಡಲು ಅಷ್ಟು ಸಾಕು.

ಉಳಿದದ್ದು ಲೇಬಲ್. ಬದಲಿಸದಿದ್ದರೆ ಕೆಲಸ ಬಿಡುತ್ತೇನೆ ಎನ್ನಲು ಹುಡುಗಿಗೆ ಎರಡು ರಾತ್ರಿ ಬೇಕಾಯಿತು. ಮೊದಲ ಗಿರಾಕಿ ನೋಡಿ, ಮನೆಯಲ್ಲಿ ಆ ಹಣದ ಲೆಕ್ಕ ಆಗಲೇ ಹಾಕಿಯಾಗಿತ್ತು. ಆದರೆ ಹೇಳಿದಳು. ಆ ತಾಯಿ ಪ್ಯಾಕೆಟ್ ತಿರುಗಿಸಿ ನೋಡಿ, "ಇದರಲ್ಲಿ ಹೀಗೆ ಬರೆದಿದೆಯಾ? ನನಗೆ ಓದಲು ಬರುವುದಿಲ್ಲ ಮಗಳೇ" ಎಂದರಂತೆ.

ವಿಡಿಯೋ ಆಯಿತು. ಕಪಾಟಿನ ಮುಂದೆ ಕುಳಿತು ಅವರೇ ಹೇಳಿದ್ದಾರೆ: ಬಣಕಲ್‌ನ ರೊಬಸ್ಟಾ ಎಪ್ಪತ್ತು ಪಾಲು, ಚಿಕೋರಿ ಮೂವತ್ತು ಪಾಲು. ಅಳಿಯ ಇನ್ನೂ ಮುನಿಸಿನಲ್ಲಿದ್ದಾನೆ. ಹಳೆಯ ಲೇಬಲ್‌ಗಳ ಹಿಂಬದಿಯಲ್ಲಿ ಮೊಮ್ಮಗಳು ಮಗ್ಗಿ ಬರೆಯುತ್ತಿದ್ದಾಳೆ.