ಗೋಡೆಯ ಮೇಲೊಂದು ಗೋಡೆ

ಹಸಿ ಇಟ್ಟಿಗೆಯು ಅಲ್ಪಾಯುಷಿ. ಅದು ಮಳೆಗೆ ಕರಗುತ್ತದೆ, ಬಿಸಿಲಿಗೆ ಬಿರಿಯುತ್ತದೆ, ನೆಲದ ತೇವವನ್ನು ಹೀರಿ ಬುಡದಲ್ಲಿ ಸವೆಯುತ್ತದೆ. ಇಂತಹ ದುರ್ಬಲ ವಸ್ತುವಿನಿಂದಲೇ ಪ್ರಾಚೀನ ಮಾನವನು ಸಾವಿರ ವರ್ಷಗಳಿಗೂ ಮಿಕ್ಕಿ ಬಾಳಿದ ಊರೊಂದನ್ನು ಕಟ್ಟಿದನು. ತುರ್ಕಿ ದೇಶದ ಕೊನ್ಯಾ ಬಯಲಿನಲ್ಲಿರುವ ಚಾತಲ್‌ಹೊಯುಕ್ ಎಂಬುದೇ ಆ ಊರು.

ಸುಮಾರು 9000 ವರ್ಷಗಳ ಹಿಂದೆ ಅಲ್ಲಿ ನೆಲೆಸಿದ್ದ ನವಶಿಲಾಯುಗದ ಜನರು ಮನೆಗಳನ್ನು ಒತ್ತೊತ್ತಾಗಿ ಕಟ್ಟುತ್ತಿದ್ದರು. ಮಾಳಿಗೆಯ ಕಿಂಡಿಯಿಂದ ಏಣಿಯ ಮೂಲಕ ಒಳಗಿಳಿಯುತ್ತಿದ್ದರು. ಪ್ರತಿಯೊಂದು ಮನೆಗೂ ತನ್ನದೇ ಆದ ಗೋಡೆಗಳಿದ್ದರೂ ಅವು ನೆರೆಮನೆಯ ಗೋಡೆಗೆ ಆತುಕೊಂಡು ನಿಂತಿದ್ದವು. ಗೋಡೆಗಳಿಗೆ ಬಿಳಿಯ ಮಣ್ಣಿನ ತೆಳುವಾದ ಗಾರೆಯನ್ನು ಮತ್ತೆ ಮತ್ತೆ ಬಳಿಯುತ್ತಿದ್ದರು. ಮರದ ಕಂಬಗಳು ಮಾಳಿಗೆಗೆ ಆಸರೆಯಾಗಿದ್ದವು. ಮುಂದಿನ ಕಾಲದ ಕೆಲವು ಮನೆಗಳಲ್ಲಿ ಇಟ್ಟಿಗೆಯ ಆಸರೆಗಂಬಗಳು ಗೋಡೆಗೆ ಬಲ ನೀಡಿದವು.

ಮನೆ ಹಳೆಯದಾದಾಗ ಅದನ್ನು ಬುಡಸಮೇತ ಕೀಳುತ್ತಿರಲಿಲ್ಲ. ಮೊದಲು ಮಾಳಿಗೆಯನ್ನು ಬಿಚ್ಚಿ, ಉಪಯುಕ್ತವಾದ ಕಂಬಗಳನ್ನು ತೆಗೆದಿಡುತ್ತಿದ್ದರು. ಬಳಿಕ ಗೋಡೆಗಳ ಮೇಲ್ಭಾಗವನ್ನು ಕೆಡವಿ, ಆ ಮಣ್ಣನ್ನೇ ಕೋಣೆಯೊಳಗೆ ತುಂಬುತ್ತಿದ್ದರು. ಉಳಿದ ಮೋಟುಗೋಡೆಗಳ ಮೇಲೆಯೇ ಹೊಸ ಗೋಡೆಗಳು ಏಳುತ್ತಿದ್ದವು.

ಈ ಕ್ರಮದಲ್ಲಿ ಜಾಣ್ಮೆಯಿದೆ. ಎರಡು ಪಕ್ಕದಲ್ಲಿಯೂ ಮಣ್ಣು ತುಂಬಿದ ಮೋಟುಗೋಡೆ ವಾಲಲಾರದು. ಬಹುಕಾಲ ಭಾರ ಹೊತ್ತು ಗಟ್ಟಿಯಾದ ಅದು ಹೊಸ ಗೋಡೆಗೆ ತಳಹದಿಯಾಗುತ್ತದೆ. ಅದನ್ನು ಬಿಟ್ಟು ಹೊಸದಾಗಿ ತುಂಬಿದ ಮಣ್ಣಿನ ಮೇಲೆ ಕಟ್ಟಿದರೆ ಮಣ್ಣು ಕುಸಿದು ಗೋಡೆ ಬಿರುಕುಬಿಡುತ್ತದೆ. ಇದಲ್ಲದೆ ಮನೆಯ ನೆಲದಡಿಯಲ್ಲಿ ಸತ್ತವರನ್ನು ಹೂಳುವ ರೂಢಿಯೂ ಅವರಲ್ಲಿತ್ತು. ಹೀಗೆ ಅದೇ ನೆಲೆಯಲ್ಲಿ ಮನೆಯ ಮೇಲೆ ಮನೆ ಬೆಳೆದು, 18 ಸ್ತರಗಳ ದಿಬ್ಬವೊಂದು ಸುಮಾರು 20 ಮೀಟರುಗಳಷ್ಟು ಎತ್ತರಕ್ಕೆ ಏರಿತು.

1961ರಲ್ಲಿ ಜೇಮ್ಸ್ ಮೆಲಾರ್ಟ್ ಅವರು ಇಲ್ಲಿ ಉತ್ಖನನವನ್ನು ಆರಂಭಿಸಿದರು. 1993ರಿಂದ ಇಯಾನ್ ಹಾಡರ್ ಅವರ ನೇತೃತ್ವದಲ್ಲಿ ಆ ಕಾರ್ಯ ಮತ್ತೆ ನಡೆಯಿತು. 2012ರಲ್ಲಿ ಈ ನೆಲೆಯು ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಆದರೆ ಅಗೆತವು ಹೊಸ ಸಮಸ್ಯೆಯನ್ನೂ ತಂದಿತು. ತುಂಬಿದ ಮಣ್ಣನ್ನು ತೆಗೆದೊಡನೆ ಗೋಡೆಗಳು ಆಸರೆ ಕಳೆದುಕೊಳ್ಳುತ್ತವೆ, ಒಣಗಿ ಬಿರಿಯುತ್ತವೆ, ಅವುಗಳ ಮೈಯಲ್ಲಿ ಲವಣಗಳು ಹರಳುಗಟ್ಟಿ ಗಾರೆಯನ್ನು ಉದುರಿಸುತ್ತವೆ. ಆದುದರಿಂದ ಅಗೆದ ಭಾಗಗಳಿಗೆ ವಿಶಾಲವಾದ ಚಾವಣಿಗಳನ್ನು ಹೊದಿಸಲಾಗಿದೆ.

ಪ್ರಾಚೀನರು ಮುಚ್ಚಿ ಉಳಿಸಿದುದನ್ನು ಇಂದಿನವರು ತೆರೆದು ಉಳಿಸಬೇಕಾಗಿದೆ. ಈ ಎರಡನೆಯ ಕಾರ್ಯವೇ ಹೆಚ್ಚು ಕಠಿಣವಾದುದು.