ಮಳೆಗೆ ಮುಂಚೆ ವಿಮೆಯ ಕಾಗದ ಓದೋಣ

2024ರ ಏಪ್ರಿಲ್ 16ರ ಮಳೆಯನ್ನು ಇಲ್ಲಿ ಯಾರೂ ಮರೆತಿಲ್ಲ. ಅಲ್ ಐನ್‌ನ ಖತಮ್ ಅಲ್ ಶಕ್ಲಾದಲ್ಲಿ 24 ಗಂಟೆಯೊಳಗೆ 254.8 ಮಿ.ಮೀ. ಸುರಿಯಿತು. 1949ರಿಂದ ಈಚಿನ ದಾಖಲೆಗಳಲ್ಲಿ ಇದೇ ಹೆಚ್ಚು.

ಬನಿಯಾಸ್‌ನಲ್ಲಿ ಕಾರಿಟ್ಟುಕೊಂಡಿರುವ ನಮ್ಮವರು ತಿಳಿಯಬೇಕಾದದ್ದು ಇಷ್ಟು: ಥರ್ಡ್ ಪಾರ್ಟಿ ವಿಮೆ ಎದುರಿನವರ ನಷ್ಟಕ್ಕೆ ಮಾತ್ರ. ನಮ್ಮ ಕಾರು ನೀರಲ್ಲಿ ಮುಳುಗಿದರೆ ರಿಪೇರಿ ನಮ್ಮ ಜೇಬಿನಿಂದಲೇ. ಕಾಂಪ್ರಹೆನ್ಸಿವ್ ವಿಮೆ ಇದ್ದರೂ ನೆರೆಹಾನಿ ಸೇರಿದೆಯೇ ಎಂದು ಪಾಲಿಸಿಯಲ್ಲಿ ನೋಡಿಕೊಳ್ಳಿ. ನೀರು ಹೊಕ್ಕ ಕಾರನ್ನು ಸ್ಟಾರ್ಟ್ ಮಾಡಬೇಡಿ. ಇಂಜಿನ್ ಪೂರ್ತಿ ಕೆಡಬಹುದು. ಮೊದಲು ಫೋಟೊ ತೆಗೆದು ವಿಮಾ ಕಂಪನಿಗೆ ತಿಳಿಸಿ.

ಊರಿನ ಮನೆಗೂ ಇದೇ ಮಾತು. 2020ರ ಸೆಪ್ಟೆಂಬರಿನಲ್ಲಿ ಉಡುಪಿಯಲ್ಲಿ ನೆರೆ ಮನೆಗಳಿಗೇ ನುಗ್ಗಿತ್ತು. ಭಾರತದಲ್ಲಿ 2021ರ ಏಪ್ರಿಲ್‌ನಿಂದ ‘ಭಾರತ್ ಗೃಹ ರಕ್ಷಾ’ ಎಂಬ ಪಾಲಿಸಿ ಇದೆ. ನೆರೆ, ಬಿರುಗಾಳಿ, ಭೂಕುಸಿತ ಅದರಲ್ಲಿ ಸೇರಿವೆ. ಲೆಕ್ಕ ಹಾಕುವುದು ಜಾಗದ ಬೆಲೆಯನ್ನಲ್ಲ, ಮನೆಯನ್ನು ಮತ್ತೆ ಕಟ್ಟುವ ಖರ್ಚನ್ನು. ಮನೆಸಾಮಾನಿಗೂ ಆ ಮೊತ್ತದ ಶೇ. 20ರಷ್ಟು, ಗರಿಷ್ಠ 10 ಲಕ್ಷ ರೂಪಾಯಿ ತನಕ, ರಕ್ಷಣೆ ಸಿಗುತ್ತದೆ.

ಹೊಳೆಬದಿಯಲ್ಲೋ ಕಡಲಬದಿಯಲ್ಲೋ ಮನೆಯಿದ್ದರೆ, ಮುಂಗಾರಿಗೆ ಮುಂಚೆಯೇ ಮನೆಯವರಿಗೆ ಫೋನ್ ಮಾಡಿ ಕೇಳಿ: ವಿಮೆ ಇದೆಯೇ? ಕಂತು ಕಟ್ಟಿದೆಯೇ? ನೀರು ಅಂಗಳಕ್ಕೆ ಬಂದ ಮೇಲೆ ಮಾಡಿಸಿದ ಪಾಲಿಸಿ ಆ ನೆರೆಯ ನಷ್ಟಕ್ಕೆ ಆಗಿಬರುವುದಿಲ್ಲ.